ಡಾಕ್ಟ್ರೇ ಒಂದ್ನಿಮಿಷ: ಮೆಡಿಕಲ್ ಕಾಲೇಜ್ ಆಸ್ಪತ್ರೆ ಬಗ್ಗೆ ನೀವು ಕೇಳಿದ್ದು

ಈ ಸಲ ಬಂದ ಪತ್ರ, ಮೆಸೇಜ್ ಎಲ್ಲಾ ಗುಡ್ಡೆ ಹಾಕಿ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗಳ ಬಗ್ಗೆನೇ ಇತ್ತು, ಹಾಗಾಗಿ ಬಿಪಿ, ಶುಗರ್, ಮಂಡಿನೋವಿನ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ಕೈಗೆತ್ಕೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಬರೆದಿದ್ರು, ಅದಕ್ಕೇ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆನ ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ ಸೇರಿಸಿದ್ವಿ. ಒಬ್ಬರಾದ್ಮೇಲೆ ಒಬ್ಬರು ಬಂದು ಅದದೇ ಕೇಳ್ತಾರೆ, ನೋವು ಯಾವಾಗ ಶುರುವಾಯ್ತು, ಸಿಗರೇಟ್ ಸೇದ್ತೀರಾ, ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದ್ರೆ ಇದೆಯಾ ಅಂತ. ಎಲ್ಲರೂ ನನ್ನ ಮಗಳ ವಯಸ್ಸಿನವರು. ಇವರಲ್ಲಿ ನಿಜವಾದ ಡಾಕ್ಟರ್ ಯಾರು? ನಮ್ಮಪ್ಪನ ಮೇಲೆ ಕಲೀತಾ ಇದಾರಾ?

ಕಲೀತಾ ಇದಾರೆ, ಹೌದು. ಅದನ್ನ ಮುಚ್ಚಿಟ್ಟು ಏನೂ ಪ್ರಯೋಜನ ಇಲ್ಲ. ಆದ್ರೆ ನೋಡ್ಕೊಳ್ಳೋರಿಲ್ಲದೆ ಒಬ್ಬೊಬ್ಬರೇ ಕಲೀತಾ ಇಲ್ಲ, ಅದು ಮುಖ್ಯ. ಮೊದಲು ಬಂದಿದ್ದು ಬಹುಶಃ ಸ್ಟೂಡೆಂಟು, ಅವರು ಕೇಳಬಹುದು, ಮುಟ್ಟಿ ನೋಡಬಹುದು, ಔಷಧಿ ಬರೆಯೋ ಹಾಗಿಲ್ಲ. ಆಮೇಲೆ ಬಂದವರು ಹೌಸ್ ಸರ್ಜನ್ (ಎಂಬಿಬಿಎಸ್ ಪರೀಕ್ಷೆ ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೀತಿರೋರು), ರಕ್ತ ತೆಗೆಯೋದು, ರಿಪೋರ್ಟ್ ಹಿಂದೆ ಓಡಾಡೋದು ಎಲ್ಲಾ ಅವರ ತಲೆ ಮೇಲೆ. ಅದಾದ್ಮೇಲೆ ಪಿಜಿ, ಅಂದ್ರೆ ಆಗ್ಲೇ ಡಾಕ್ಟರ್ ಆಗಿ ಈಗ ಸ್ಪೆಷಲಿಸ್ಟ್ ಆಗೋಕೆ ಓದ್ತಿರೋರು, ರಾತ್ರಿ ಮೂರು ಗಂಟೆಗೆ ನಿಮ್ಮ ತಂದೆಗೆ ಏನಾದ್ರೂ ಆದ್ರೆ ಮೊದಲು ಓಡಿ ಬರೋದು ಇವರೇ. ಇವರ ಮೇಲೆ ಪಿಜಿ ಮುಗಿಸಿರೋ ಸೀನಿಯರ್ ರೆಸಿಡೆಂಟ್, ಅವರ ಮೇಲೆ ಅಸಿಸ್ಟೆಂಟ್ ಪ್ರೊಫೆಸರ್, ಎಲ್ಲರ ಮೇಲೆ ಯೂನಿಟ್ ಚೀಫ್, ಅಂದ್ರೆ ಆ ಡಾಕ್ಟರ್ ತಂಡದ ಮುಖ್ಯಸ್ಥರು. ಕೇಸ್ ಶೀಟ್ ಮೇಲೆ ಯೂನಿಟ್ ಹೆಸರು ಇರತ್ತಲ್ಲ, ಕೊನೆಗೆ ಜವಾಬ್ದಾರಿ ಹೊರೋದು ಆ ಯೂನಿಟ್ ಚೀಫ್.

ಈ ಪದ್ಧತಿಗೂ ಒಂದು ಕಥೆ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಲ್ಲಿ ಎಷ್ಟೋ ಜನ ಲೆಕ್ಚರ್ ಕೇಳಿಕೊಂಡೇ ಡಾಕ್ಟರ್ ಆಗ್ತಿದ್ರು, ರೋಗಿನ ಸರಿಯಾಗಿ ಮುಟ್ಟಿ ನೋಡದೇನೇ ಡಿಗ್ರಿ ಕೈಗೆ ಬರ್ತಿತ್ತು. 1893ರಲ್ಲಿ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲ್ ಶುರುವಾದಾಗ ವಿಲಿಯಂ ಆಸ್ಲರ್ ಅಲ್ಲಿ ಸ್ಟೂಡೆಂಟ್‌ಗಳನ್ನ ಕ್ಲಾಸ್ ರೂಮಿಂದ ಎಬ್ಬಿಸಿ ವಾರ್ಡಿಗೆ ಕರ್ಕೊಂಡು ಬಂದ್ರು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅನ್ನೋರು (ಅವರು ಡಾಕ್ಟರೇ ಅಲ್ಲ, ಸ್ಕೂಲ್ ನಡೆಸ್ತಿದ್ದೋರು) ಅಮೆರಿಕ, ಕೆನಡಾದ ಮೆಡಿಕಲ್ ಸ್ಕೂಲ್‌ಗಳನ್ನೆಲ್ಲಾ ಸುತ್ತಿ ಒಂದು ಖಾರವಾದ ರಿಪೋರ್ಟ್ ಕೊಟ್ಟಮೇಲೆ ಕಾಲೇಜು, ಲ್ಯಾಬು, ಆಸ್ಪತ್ರೆ ಮೂರೂ ಒಂದೇ ಕಡೆ ಇರಬೇಕು ಅನ್ನೋದು ಗಟ್ಟಿಯಾಯ್ತು.

ಅದದೇ ಪ್ರಶ್ನೆ ಕೇಳೋದ್ರಿಂದ ನಿಮಗೆ ಲಾಭನೂ ಇದೆ. ಮೊದಲ ಸಲ ಕೇಳಿದಾಗ "ಬೇರೆ ಏನೂ ಮಾತ್ರೆ ತಗೊಳ್ಳಲ್ಲ" ಅಂದವರು ಮೂರನೇ ಸಲ ಕೇಳಿದಾಗ "ಹ್ಞಾ, ಮಂಡಿಗೆ ಒಂದು ನೋವಿನ ಮಾತ್ರೆ ದಿನಾ ತಗೋತೀನಿ" ಅಂತಾರೆ, ಆ ಒಂದು ಮಾತಿಂದ ಡಯಾಗ್ನೋಸಿಸ್ಸೇ ತಿರುಗಿಬಿಡತ್ತೆ. ಹಂಗಂತ ಸುಸ್ತಾದ ಮನುಷ್ಯನ್ನ ಹತ್ತು ಜನ ಸುತ್ತುವರಿದು ಹೊಟ್ಟೆ ಒತ್ತೋದು ಸರಿ ಅಂತ ನಾನು ಹೇಳಲ್ಲ. ಸ್ಟೂಡೆಂಟ್ ನೋಡೋದು ಬೇಡ ಅನ್ನೋ ಹಕ್ಕು ನಿಮ್ಮ ತಂದೆಗೆ ಇದೆ, ಬೇಡ ಅಂದ್ರೆ ಟ್ರೀಟ್ಮೆಂಟ್ ಕಮ್ಮಿ ಆಗಬಾರದು. ಯಾರೇ ಬಂದ್ರೂ "ನೀವು ಯಾರಮ್ಮಾ, ಇದನ್ನ ಡಿಸೈಡ್ ಮಾಡೋರು ಯಾರು" ಅಂತ ಕೇಳಿ. ಆಪರೇಷನ್ ಇದ್ರಂತೂ ಚಾಕು ಹಿಡಿಯೋದು ಯಾರು, ಪಕ್ಕದಲ್ಲಿ ನಿಲ್ಲೋ ಸೀನಿಯರ್ ಯಾರು ಅಂತ ಸಹಿ ಹಾಕೋ ಮುಂಚೆನೇ ಕೇಳಿ. ಕೇಳಿದ್ರೆ ಬೇಜಾರು ಮಾಡ್ಕೊಳ್ಳೋ ಡಾಕ್ಟರ್ ಇದ್ರೆ ಅದು ಅವರ ಸಮಸ್ಯೆ.

ಪ್ರಶ್ನೆ: ನಮ್ಮ ಅಮ್ಮನ್ನ ಒಂದು ಟ್ರಯಲ್‌ಗೆ ಸೇರ್ತೀರಾ ಅಂತ ಕೇಳ್ತಿದಾರೆ. ಅರ್ಧ ಜನಕ್ಕೆ ಹೊಸ ಔಷಧಿ, ಇನ್ನರ್ಧ ಜನಕ್ಕೆ ಈಗ ಕೊಡ್ತಿರೋದೇ, ಯಾರಿಗೆ ಯಾವ್ದು ಅಂತ ಕಂಪ್ಯೂಟರ್ ಆರಿಸತ್ತಂತೆ. ಜೀವದ ವಿಷಯದಲ್ಲಿ ಲಾಟರಿ ಎತ್ತೋದಾ ಡಾಕ್ಟ್ರೇ? ಡಾಕ್ಟರ್‌ಗೆ ಯಾವ್ದು ಒಳ್ಳೇದು ಅಂತ ಗೊತ್ತಿರಲ್ವಾ?

ಗೊತ್ತಿರಲ್ಲ, ಅದೇ ವಿಷಯ. ಗೊತ್ತಿದ್ದೂ ಚೀಟಿ ಎತ್ತಿದ್ರೆ ಅದು ಅನ್ಯಾಯ. ಎರಡರಲ್ಲಿ ಯಾವ್ದು ಮೇಲು ಅಂತ ನಿಜವಾಗ್ಲೂ ಯಾರಿಗೂ ಗೊತ್ತಿಲ್ಲದಾಗ ಮಾತ್ರ ಇಂಥ ಟ್ರಯಲ್‌ಗೆ ಎಥಿಕ್ಸ್ ಕಮಿಟಿ (ಸಂಶೋಧನೆ ನ್ಯಾಯವಾಗಿದೆಯಾ ಅಂತ ನೋಡೋ ಸಮಿತಿ) ಒಪ್ಪಬೇಕು.

ಡಾಕ್ಟರ್‌ಗೆ ಗೊತ್ತಿದೆ ಅಂತ ಅಂದ್ಕೊಂಡು ಏನಾಗಿದೆ ನೋಡಿ. ಹಾರ್ಟ್ ಅಟ್ಯಾಕ್ ಆದ್ಮೇಲೆ ಕೆಲವರಿಗೆ ಎದೆಬಡಿತ ಮಧ್ಯೆ ಮಧ್ಯೆ ತಾಳ ತಪ್ಪತ್ತೆ, ಹಾಗೆ ತಪ್ಪೋರು ಸಾಯೋದೂ ಜಾಸ್ತಿ, ಅಂದ್ಮೇಲೆ ತಾಳ ಸರಿಮಾಡೋ ಮಾತ್ರೆ ಕೊಟ್ರೆ ಬದುಕ್ತಾರೆ ಅಂತ 1980ರ ದಶಕದಲ್ಲಿ ಒಳ್ಳೊಳ್ಳೆ ಡಾಕ್ಟರ್‌ಗಳೇ ಎನ್‌ಕೈನೈಡ್, ಫ್ಲೆಕೈನೈಡ್ ಅನ್ನೋ ಮಾತ್ರೆಗಳನ್ನ ಧಾರಾಳವಾಗಿ ಬರೀತಿದ್ರು, ಇಸಿಜಿಯಲ್ಲಿ ತಾಳವೂ ಸರಿಹೋಗ್ತಿತ್ತು, ಎಲ್ಲರಿಗೂ ಖುಷಿ. ಕೊನೆಗೆ ಕಾಸ್ಟ್ (CAST) ಅನ್ನೋ ಟ್ರಯಲ್‌ನಲ್ಲಿ ಚೀಟಿ ಎತ್ತಿ ಹೋಲಿಸಿ ನೋಡಿದಾಗ, 1989ರಲ್ಲಿ, ಔಷಧಿ ಇಲ್ಲದ ಖಾಲಿ ಮಾತ್ರೆ ತಗೊಂಡವರಿಗಿಂತ ಈ ಮಾತ್ರೆ ತಗೊಂಡವರೇ ಜಾಸ್ತಿ ಸತ್ತಿದ್ರು. ಇಸಿಜಿ ಚೆನ್ನಾಗಿತ್ತು, ಮನುಷ್ಯ ಇರಲಿಲ್ಲ.

ಉಲ್ಟಾನೂ ಆಗತ್ತೆ. ಕೋವಿಡ್ ಶುರುವಾದಾಗ ಡೆಕ್ಸಾಮೆಥಸೋನ್ ಅನ್ನೋ ಹಳೇ ಸ್ಟಿರಾಯ್ಡ್ ಕೊಡಬೇಕೋ ಬೇಡ್ವೋ ಅಂತ ಡಾಕ್ಟರ್‌ಗಳಲ್ಲೇ ಜಗಳ. ಆಕ್ಸ್‌ಫರ್ಡ್‌ನೋರು 2020ರ ಮಾರ್ಚ್‌ನಲ್ಲಿ ರಿಕವರಿ ಅನ್ನೋ ಟ್ರಯಲ್ ಶುರು ಮಾಡಿದ್ರು, ಬ್ರಿಟನ್‌ನ ನೂರಾರು ಆಸ್ಪತ್ರೆಗಳ ಮಾಮೂಲಿ ವಾರ್ಡ್‌ಗಳಲ್ಲೇ, ಡ್ಯೂಟಿ ಡಾಕ್ಟರ್‌ಗಳು ಮತ್ತು ನರ್ಸ್‌ಗಳ ಕೈಯಲ್ಲೇ. ಜೂನ್‌ನಲ್ಲೇ ಉತ್ತರ ಬಂತು: ವೆಂಟಿಲೇಟರ್ ಮೇಲಿದ್ದ ನೂರು ಜನರಲ್ಲಿ ಸುಮಾರು 41 ಜನ ಸಾಯ್ತಿದ್ದಿದ್ದು 29ಕ್ಕೆ ಇಳಿದಿತ್ತು, ಆಕ್ಸಿಜನ್ ಬೇಡದೇ ಇದ್ದವರಿಗೆ ಮಾತ್ರ ಏನೂ ಲಾಭ ಇರಲಿಲ್ಲ. ಅದೇ ಟ್ರಯಲ್ಲು ಜಗತ್ತೆಲ್ಲಾ ಮುಗಿಬಿದ್ದಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಅಡ್ಮಿಟ್ ಆದವರಿಗೆ ಏನೂ ಉಪಯೋಗ ಇಲ್ಲ ಅಂತನೂ ತೋರಿಸ್ತು. ಅಲ್ಲಿ ಸೇರಿದ್ದ ರೋಗಿಗಳು ಹ್ಞೂಂ ಅನ್ನದೇ ಹೋಗಿದ್ರೆ ನಾವು ಇನ್ನೂ ವಾಟ್ಸಾಪ್ ನೋಡ್ಕೊಂಡು ಔಷಧಿ ಬರೀತಿದ್ವಿ.

ಇಷ್ಟೆಲ್ಲಾ ಹೇಳಿದೆ ಅಂತ ಅಮ್ಮ ಸೇರಲೇಬೇಕು ಅಂತಲ್ಲ. 1932ರಿಂದ 1972ರವರೆಗೆ ಅಮೆರಿಕದ ಟಸ್ಕೀಗಿಯಲ್ಲಿ ಸಿಫಿಲಿಸ್ ಇದ್ದ ಕಪ್ಪು ಜನರಿಗೆ ನಿಜ ಹೇಳದೆ, ಪೆನಿಸಿಲಿನ್ ಬಂದಮೇಲೂ ಅದನ್ನ ಕೊಡದೆ, ರೋಗ ಹೇಗೆ ಬೆಳೆಯತ್ತೆ ಅಂತ ನೋಡ್ತಾ ಕೂತಿದ್ರು, ಮಾಡಿದ್ದು ಸರ್ಕಾರದ ಆರೋಗ್ಯ ಇಲಾಖೆನೇ. ಇವತ್ತು ಆ ಕನ್ಸೆಂಟ್ ಫಾರ್ಮ್ ಅಷ್ಟು ಉದ್ದ ಇರೋದಕ್ಕೆ ಇಂಥವೇ ಕಾರಣ. ಆ ಫಾರ್ಮ್‌ನ ಮನೆಗೆ ತಗೊಂಡು ಹೋಗಿ ಓದಿ, ಅಲ್ಲೇ ಸಹಿ ಹಾಕಿ ಅಂತ ಅವಸರ ಮಾಡಿದ್ರೆ ಹಾಕ್ಬೇಡಿ. ಸೇರದೇ ಇದ್ರೆ ಅಮ್ಮನಿಗೆ ಏನು ಟ್ರೀಟ್ಮೆಂಟ್ ಸಿಗತ್ತೆ, ಇದು ಟ್ರಯಲ್‌ನ ಎಷ್ಟನೇ ಹಂತ (ಫೇಸ್), ಎಷ್ಟು ಸಲ ಎಕ್ಸ್‌ಟ್ರಾ ಬರಬೇಕು, ರಕ್ತ ಎಷ್ಟು ಸಲ ತೆಗೀತಾರೆ, ಏನಾದ್ರೂ ತೊಂದ್ರೆ ಆದ್ರೆ ಖರ್ಚು ಯಾರದ್ದು, ಮಧ್ಯರಾತ್ರಿ ಫೋನ್ ಮಾಡಿದ್ರೆ ಎತ್ತೋರು ಯಾರು. ಇಷ್ಟಕ್ಕೆ ನೇರ ಉತ್ತರ ಸಿಕ್ರೆ ಆಮೇಲೆ ಯೋಚನೆ ಮಾಡಿ. ಸೇರಿದ್ಮೇಲೂ ಯಾವಾಗ ಬೇಕಾದ್ರೂ ಸಾಕು ಅಂತ ಹೊರಗೆ ಬರಬಹುದು, ಯಾಕೆ ಅಂತ ಕಾರಣನೂ ಕೊಡಬೇಕಿಲ್ಲ. ಮತ್ತೆ, ನಿರ್ಧಾರ ಅಮ್ಮನದ್ದು, ನಿಮ್ಮದಲ್ಲ. ನಿಮ್ಮ ಪತ್ರದಲ್ಲಿ ಅವರು ಏನಂದ್ರು ಅಂತ ಎಲ್ಲೂ ಇಲ್ಲ.

ಪ್ರಶ್ನೆ: ಬಯಾಪ್ಸಿ ಮಾಡಿ ಮಿಕ್ಕಿದ ತುಂಡನ್ನ ರಿಸರ್ಚ್‌ಗೆ ಇಟ್ಕೋತೀವಿ ಅಂತ ಫಾರ್ಮ್‌ನಲ್ಲಿತ್ತು. ಇಟ್ಕೊಂಡು ಏನ್ಮಾಡ್ತಾರೆ?

ಬಹಳಷ್ಟು ಸಲ ಫ್ರೀಜರ್‌ನಲ್ಲಿ ಇರತ್ತೆ ಅಷ್ಟೇ. ಆದ್ರೆ ನೀವು ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ಹೆಣ್ಣುಮಗಳು ಗರ್ಭಕೊರಳಿನ ಕ್ಯಾನ್ಸರ್ ಅಂತ ಜಾನ್ಸ್ ಹಾಪ್ಕಿನ್ಸ್‌ಗೆ ಹೋದಾಗ ಅವರ ಗೆಡ್ಡೆಯ ತುಂಡನ್ನ ಕೇಳದೇನೇ ಲ್ಯಾಬಿಗೆ ಕೊಟ್ರು. ಅವರು ಅದೇ ವರ್ಷ ತೀರಿಕೊಂಡ್ರು, ಜೀವಕೋಶಗಳು ಮಾತ್ರ ಇವತ್ತಿಗೂ ಬೆಳೀತಾನೇ ಇವೆ. ಹೀಲಾ ಅನ್ನೋ ಹೆಸರಲ್ಲಿ ಜಗತ್ತಿನ ಲ್ಯಾಬ್‌ಗಳಿಗೆಲ್ಲಾ ಹೋದವು, ಪೋಲಿಯೋ ಲಸಿಕೆ ಪರೀಕ್ಷೆಗೂ ಬಂದವು. ಮನೆಯವರಿಗೆ ಗೊತ್ತಾಗಿದ್ದು 1970ರ ದಶಕದಲ್ಲಿ, ಒಂದು ಕಂಪನಿ ಜೊತೆ ಅವರ ಕೇಸ್ ರಾಜಿ ಆಗಿದ್ದು 2023ರಲ್ಲಿ. ಹಾಗಾಗಿ ಫಾರ್ಮ್‌ನಲ್ಲಿ ಆ ಸಾಲು ಇರೋದೇ ಒಳ್ಳೇದು. ಬೇಡ ಅನ್ನಿಸಿದ್ರೆ ಬೇಡ ಅಂತ ಟಿಕ್ ಮಾಡಿ, ಬಯಾಪ್ಸಿಗೇನೂ ಅಡ್ಡಿ ಇಲ್ಲ.

ಪ್ರಶ್ನೆ: ನಾನು ಒಂದು ದೊಡ್ಡ ಟೀಚಿಂಗ್ ಆಸ್ಪತ್ರೆ ಐಸಿಯುನಲ್ಲಿ ಸ್ಟಾಫ್ ನರ್ಸ್. ಪ್ರತಿ ವರ್ಷ ನಮ್ಮ ಸಂಸ್ಥೆಯ ಸಾಧಕರು ಅಂತ ಪುಸ್ತಕ ಬರತ್ತೆ, ಪೂರ್ತಿ ಡಾಕ್ಟರ್‌ಗಳ ಫೋಟೋ. ಕೊನೇ ಪುಟದಲ್ಲಿ ನಮ್ಮದೊಂದು ಗ್ರೂಪ್ ಫೋಟೋ, ಅದರಲ್ಲಿ ಮುಖನೂ ಕಾಣಲ್ಲ. ನೀವೂ ಡಾಕ್ಟರೇ, ನಿಮ್ಮನ್ನೇ ಕೇಳ್ತೀನಿ, ಇದು ಸರೀನಾ?

ಸರಿ ಅಲ್ಲ ಸಿಸ್ಟರ್. ಇದಕ್ಕೆ ಉದ್ದವಾಗೇ ಬರೀತೀನಿ, ಸಂಪಾದಕರು ಕತ್ತರಿ ಹಾಕದೇ ಇರಲಿ.

ವಿವಿಯನ್ ಥಾಮಸ್ ಅಂತ ಒಬ್ಬರಿದ್ರು. ಕಪ್ಪು ಜನಾಂಗದ ಹುಡುಗ, ಡಾಕ್ಟರ್ ಆಗ್ಬೇಕು ಅಂತ ದುಡ್ಡು ಕೂಡಿಟ್ಟಿದ್ರು, ಆಗಿನ ಆರ್ಥಿಕ ಕುಸಿತದಲ್ಲಿ ಬ್ಯಾಂಕ್ ಮುಳುಗಿ ಎಲ್ಲಾ ಹೋಯ್ತು. 1930ರಲ್ಲಿ ಆಲ್ಫ್ರೆಡ್ ಬ್ಲಾಲಾಕ್ ಅನ್ನೋ ಸರ್ಜನ್‌ನ ಲ್ಯಾಬ್‌ನಲ್ಲಿ ಕೆಲಸಕ್ಕೆ ಸೇರ್ಕೊಂಡ್ರು, ಮಾಡೋದು ರಿಸರ್ಚ್ ಕೆಲಸ, ಸಂಬಳದ ಪಟ್ಟಿಯಲ್ಲಿ ಜಾಡಮಾಲಿ ದರ್ಜೆ. ಆಮೇಲೆ ಇಬ್ಬರೂ ಜಾನ್ಸ್ ಹಾಪ್ಕಿನ್ಸ್‌ಗೆ ಬಂದ್ರು. ಅಲ್ಲಿ ಮಕ್ಕಳ ಹೃದಯದ ಡಾಕ್ಟರ್ ಹೆಲೆನ್ ಟಾಸಿಗ್, ಹುಟ್ಟುತ್ತಲೇ ನೀಲಿಗಟ್ಟಿ ಉಸಿರಿಗೆ ಒದ್ದಾಡೋ ಮಕ್ಕಳಿಗೆ ಶ್ವಾಸಕೋಶಕ್ಕೆ ರಕ್ತ ಜಾಸ್ತಿ ಹೋಗೋ ಹಾಗೆ ಏನಾದ್ರೂ ಮಾಡೋಕಾಗತ್ತಾ ಅಂತ ಕೇಳಿದ್ರು. ರಕ್ತನಾಳನ ಹೇಗೆ ತಿರುಗಿಸಿ ಜೋಡಿಸ್ಬೇಕು, ಯಾವ ಸೂಜಿ, ಯಾವ ಹೊಲಿಗೆ ಅನ್ನೋದನ್ನ ನಾಯಿಗಳ ಮೇಲೆ ಮಾಡಿ ಮಾಡಿ ಕೈ ಪಳಗಿಸಿಕೊಂಡಿದ್ದು ಥಾಮಸ್. 1944ರ ನವೆಂಬರ್ 29ರಂದು 15 ತಿಂಗಳ ಮಗುವಿಗೆ ಮೊದಲ ಆಪರೇಷನ್ ಆದಾಗ ಬ್ಲಾಲಾಕ್ ಕೈ ಆಡಿಸ್ತಿದ್ರೆ ಹಿಂದುಗಡೆ ಒಂದು ಸ್ಟೂಲ್ ಮೇಲೆ ನಿಂತು ಅಲ್ಲಿ ಹಾಕಿ, ಹಿಂಗೆ ತಿರುಗಿಸಿ ಅಂತ ಹೇಳ್ತಿದ್ದಿದ್ದು ಇದೇ ಥಾಮಸ್. 1945ರಲ್ಲಿ ಇದರ ರಿಸರ್ಚ್ ಪೇಪರ್ ಬಂತು. ಬ್ಲಾಲಾಕ್ ಹೆಸರಿತ್ತು, ಟಾಸಿಗ್ ಹೆಸರಿತ್ತು, ಥಾಮಸ್ ಹೆಸರು ಇರಲಿಲ್ಲ. ಎಷ್ಟೋ ಸರ್ಜನ್‌ಗಳಿಗೆ ಕೈ ಹಿಡಿದು ಕಲಿಸಿದ ಮನುಷ್ಯನಿಗೆ ಗೌರವ ಡಾಕ್ಟರೇಟ್ ಸಿಕ್ಕಿದ್ದು 1976ರಲ್ಲಿ. ಬ್ಲಾಲಾಕ್ ಟಾಸಿಗ್ ಶಂಟ್ (ಶಂಟ್ ಅಂದ್ರೆ ರಕ್ತಕ್ಕೆ ಮಾಡಿಕೊಡೋ ಬದಲಿ ದಾರಿ) ಅಂತಿದ್ದ ಆಪರೇಷನ್‌ನ ಈಚೆಗೆ ಬ್ಲಾಲಾಕ್ ಥಾಮಸ್ ಟಾಸಿಗ್ ಶಂಟ್ ಅಂತ ಕರೆಯೋಕೆ ಶುರು ಮಾಡಿದಾರೆ. ಥಾಮಸ್ ತೀರಿಕೊಂಡು ಎಷ್ಟೋ ವರ್ಷ ಆದ್ಮೇಲೆ.

ಈಗ ನಿಮ್ಮ ಐಸಿಯು ವಿಷಯಕ್ಕೇ ಬರ್ತೀನಿ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕೋ ನಳಿಕೆ) ಹಾಕಿದ ರೋಗಿಗೆ ಅದೇ ಲೈನಿಂದ ಇನ್ಫೆಕ್ಷನ್ ಆಗಿ ಜೀವಕ್ಕೆ ಕುತ್ತು ಬರೋದು ನಿಮಗೆ ನಾನು ಹೇಳ್ಬೇಕಾ? ಪೀಟರ್ ಪ್ರೊನೊವೋಸ್ಟ್ ಅನ್ನೋ ಐಸಿಯು ಡಾಕ್ಟರ್ ಐದೇ ಐದು ಅಂಶದ ಒಂದು ಚೆಕ್‌ಲಿಸ್ಟ್ ಮಾಡಿದ್ರು: ಕೈ ತೊಳ್ಕೊಳ್ಳಿ, ಚರ್ಮನ ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕದಲ್ಲಿ ಒರೆಸಿ, ಗೌನು ಮಾಸ್ಕು ಗ್ಲೌಸು ದೊಡ್ಡ ಹೊದಿಕೆ ಎಲ್ಲಾ ಹಾಕ್ಕೊಳ್ಳಿ, ಆದಷ್ಟೂ ತೊಡೆ ಸಂದಿಯಲ್ಲಿ ಹಾಕ್ಬೇಡಿ, ಬೇಡವಾದ ತಕ್ಷಣ ತೆಗೆದುಬಿಡಿ. ಇದ್ರಲ್ಲಿ ಹೊಸದೇನಿದೆ ಅಂತೀರಾ? ಏನೂ ಇಲ್ಲ. ಹೊಸದು ಇದ್ದಿದ್ದು ಬೇರೆ ಕಡೆ: ಡಾಕ್ಟರ್ ಒಂದು ಹೆಜ್ಜೆ ಬಿಟ್ರೂ "ನಿಲ್ಲಿಸಿ" ಅನ್ನೋ ಅಧಿಕಾರನ ನರ್ಸ್‌ಗಳಿಗೆ ಕೊಟ್ರು, ಮ್ಯಾನೇಜ್‌ಮೆಂಟ್ ಅವರ ಬೆನ್ನಿಗೆ ನಿಂತ್ಕೊಳ್ತು. ಮಿಷಿಗನ್ ರಾಜ್ಯದ 103 ಐಸಿಯುಗಳ ಲೆಕ್ಕ 2006ರಲ್ಲಿ ಪ್ರಕಟ ಆಯ್ತು, ಸಾವಿರ ಲೈನ್-ದಿನಕ್ಕೆ (ಒಂದು ಲೈನ್ ಒಂದು ದಿನ ಇದ್ರೆ ಒಂದು ಲೈನ್-ದಿನ) 2.7 ಇದ್ದ ಇನ್ಫೆಕ್ಷನ್‌ನ ಮಧ್ಯಮ ಪ್ರಮಾಣ ಮೂರೇ ತಿಂಗಳಲ್ಲಿ ಸೊನ್ನೆಗೆ ಬಂದಿತ್ತು, ಅಂದ್ರೆ ಅರ್ಧಕ್ಕಿಂತ ಜಾಸ್ತಿ ಐಸಿಯುಗಳಲ್ಲಿ ಅಂಥ ಇನ್ಫೆಕ್ಷನ್ ಒಂದೂ ಇರಲಿಲ್ಲ. ಒಂದು ಹೊಸ ಆಂಟಿಬಯಾಟಿಕ್ ಇಷ್ಟು ಮಾಡಿದ್ರೆ ಅದನ್ನ ಕಂಡುಹಿಡಿದವರ ಫೋಟೋ ಮುಖಪುಟದಲ್ಲಿ ಬರ್ತಿತ್ತು.

ಅದಕ್ಕೇ ನಾನು ಹೇಳೋದು, ನಿಮ್ಮ ಸಾಧಕರ ಪುಸ್ತಕದಲ್ಲಿ ನಿಮ್ಮ ಫೋಟೋ ದೊಡ್ಡದು ಮಾಡಿ ಅಂತ ಕೇಳೋದು ಬೇಡ. ನಿಮ್ಮ ಐಸಿಯುನಲ್ಲಿ ಲೈನ್ ಇನ್ಫೆಕ್ಷನ್ ಎಷ್ಟಿತ್ತು, ಈಗ ಎಷ್ಟಿದೆ, ಬೆಡ್‌ಸೋರ್ (ಮಲಗಿದ್ದಲ್ಲೇ ಮಲಗಿ ಆಗೋ ಹುಣ್ಣು) ಎಷ್ಟು ಕಮ್ಮಿ ಆಯ್ತು ಅಂತ ಲೆಕ್ಕ ಹಾಕಿಸಿ ಅಂತ ಕೇಳಿ. ಆ ಲೆಕ್ಕ ಪುಸ್ತಕದಲ್ಲಿ ಬಂದ್ರೆ ಕೆಲಸ ಯಾರು ಮಾಡಿದ್ರು ಅಂತ ತಾನಾಗೇ ಗೊತ್ತಾಗತ್ತೆ. ಪೇಪರ್ ಬರೆದ್ರೆ ಡೇಟಾ ಇಟ್ಟ ಸಿಸ್ಟರ್ ಹೆಸರು ಲೇಖಕರ ಸಾಲಲ್ಲೇ ಇರಲಿ, ಕೊನೆಯ ಧನ್ಯವಾದದಲ್ಲಲ್ಲ.

ಪ್ರಶ್ನೆ: ಒಬ್ಬ ಡಾಕ್ಟರ್ 300 ರಿಸರ್ಚ್ ಪೇಪರ್ ಬರೆದಿದಾರೆ ಅಂತ ಬೋರ್ಡ್‌ನಲ್ಲಿ ನೋಡಿದೆ. ಆಪರೇಷನ್‌ಗೆ ಅವರ ಹತ್ರನೇ ಹೋಗಬಹುದಾ?

ಪೇಪರ್ ಸಂಖ್ಯೆ ನೋಡಿ ಹೋಗ್ಬೇಡಿ. ಪಾಕಶಾಸ್ತ್ರದ ಪುಸ್ತಕ ಬರೆದೋರೆಲ್ಲಾ ಅಡುಗೆ ಚೆನ್ನಾಗಿ ಮಾಡ್ತಾರೆ ಅಂತೇನಿಲ್ಲ. ನಿಮಗೆ ಬೇಕಾದ ಅದೇ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತಾರೆ, ಎಷ್ಟು ಜನಕ್ಕೆ ಕಾಂಪ್ಲಿಕೇಷನ್ ಆಗತ್ತೆ ಅಂತ ಕೇಳಿ. ಮೇದೋಜ್ಜೀರಕ ಗ್ರಂಥಿ, ಅನ್ನನಾಳದ ಕ್ಯಾನ್ಸರ್ ಥರದ ಕಷ್ಟದ ಆಪರೇಷನ್‌ಗಳಲ್ಲಿ ಜಾಸ್ತಿ ಮಾಡೋ ಆಸ್ಪತ್ರೆಗಳಲ್ಲಿ ಸಾವು ಕಮ್ಮಿ ಅನ್ನೋದು ಚೆನ್ನಾಗಿ ಸಾಬೀತಾಗಿರೋ ವಿಷಯ.

ಪೇಪರ್ ಬಗ್ಗೆ ಒಂದು ತಮಾಷೆ ಹೇಳಿಬಿಡ್ತೀನಿ. ಹಾರ್ಟ್ ಅಟ್ಯಾಕ್‌ಗೆ ಆಸ್ಪಿರಿನ್ ಜೀವ ಉಳಿಸತ್ತೆ ಅಂತ ತೋರಿಸಿದ್ದು 1988ರ ಐಸಿಸ್-2 ಟ್ರಯಲ್, 17,187 ರೋಗಿಗಳು. ಜರ್ನಲ್‌ನೋರು ಆ ಗುಂಪಿಗೆ ಹೆಂಗೆ, ಈ ಗುಂಪಿಗೆ ಹೆಂಗೆ ಅಂತ ಒಡೆದು ತೋರಿಸಿ ಅಂತ ಕೂತ್ರು. ಸರಿ ಅಂತ ರಾಶಿ ಪ್ರಕಾರ ಒಡೆದು ತೋರಿಸಿದ್ರು, ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಕೆಲಸ ಮಾಡಲ್ಲ ಅಂತ ಬಂತು! ಅಂಕಿಗಳನ್ನ ಸಣ್ಣ ಸಣ್ಣದಾಗಿ ಕತ್ತರಿಸ್ತಾ ಹೋದ್ರೆ ಏನು ಬೇಕಾದ್ರೂ ಹುಟ್ಟತ್ತೆ ಅಂತ ತೋರಿಸೋಕೇ ಬೇಕಂತ ಹಾಗೆ ಮಾಡಿದ್ದು. ಮಿಥುನ ರಾಶಿಯವರು ದಯವಿಟ್ಟು ಮಾತ್ರೆ ನಿಲ್ಲಿಸ್ಬೇಡಿ.

ಪ್ರಶ್ನೆ: ಇಲಿಗಳಲ್ಲಿ ಕ್ಯಾನ್ಸರ್ ಗುಣವಾಯ್ತು ಅಂತ ಸುದ್ದಿ ಬರ್ತಾನೇ ಇರತ್ತೆ. ನಮಗೆ ಯಾವಾಗ?

ಇಲಿ ದಾಟಿ ಮನುಷ್ಯರ ಟ್ರಯಲ್‌ಗೆ ಬಂದ ಔಷಧಿಗಳಲ್ಲೇ ಹತ್ತಕ್ಕೆ ಸುಮಾರು ಒಂದು ಮಾರ್ಕೆಟ್‌ಗೆ ಬರತ್ತೆ, ಕ್ಯಾನ್ಸರ್ ಔಷಧಿಗಳಲ್ಲಿ ಇನ್ನೂ ಕಮ್ಮಿ. ಯಾವ್ದು ದಡ ಸೇರತ್ತೆ ಅಂತ ಸಂಸ್ಥೆಗಳಿಗೂ ಗೊತ್ತಾಗಲ್ಲ. ಕ್ಯಾಟಲಿನ್ ಕ್ಯಾರಿಕೋ ಅನ್ನೋ ವಿಜ್ಞಾನಿ ಎಂಆರ್‌ಎನ್‌ಎ (ಯಾವ ಪ್ರೋಟೀನ್ ಮಾಡ್ಬೇಕು ಅಂತ ಜೀವಕೋಶಕ್ಕೆ ಹೇಳೋ ಅಣು) ಹಿಂದೆ ಬಿದ್ದಿದ್ದಾಗ ಗ್ರಾಂಟ್ ಸಿಗದೆ 1995ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿ ಅವರ ಹುದ್ದೆನೇ ಇಳಿಸಿತ್ತು. ಡ್ರೂ ವೈಸ್‌ಮನ್ ಜೊತೆ ಅವರ ಮುಖ್ಯ ಪೇಪರ್ ಬಂದಿದ್ದು 2005ರಲ್ಲಿ, ಅದರಿಂದ ಮಾಡಿದ ಕೋವಿಡ್ ಲಸಿಕೆ ಜನರಿಗೆ ಸಿಕ್ಕಿದ್ದು 2020ರ ಕೊನೆಗೆ, ನೊಬೆಲ್ 2023ರಲ್ಲಿ. ಇಲಿ ಸುದ್ದಿ ಓದಿ, ಖುಷಿಪಡಿ, ಈಗ ನಡೀತಿರೋ ಕೀಮೋ ಬಿಡ್ಬೇಡಿ.

ಪ್ರಶ್ನೆ: ಮಗ ಪಿಜಿ ಮಾಡ್ತಿದಾನೆ. 36 ಗಂಟೆ ಡ್ಯೂಟಿ ಮಾಡಿ ಫೋನ್‌ನಲ್ಲಿ ಮಾತಾಡ್ತಾ ಮಾತಾಡ್ತಾನೇ ನಿದ್ದೆ ಹೋಗ್ತಾನೆ. ಇಂಥವನ ಕೈಗೆ ರೋಗಿನ ಕೊಡೋದು ಸೇಫಾ?

ಇಲ್ಲಮ್ಮ, ಸೇಫ್ ಅಲ್ಲ, ನಿಮ್ಮ ಮಗನಿಗೂ ಅಲ್ಲ. ನಾವೆಲ್ಲಾ ಹಂಗೇ ಮಾಡಿದ್ವಿ ಅಂತ ನನ್ನ ವಯಸ್ಸಿನ ಡಾಕ್ಟರ್‌ಗಳು ಎದೆ ತಟ್ಕೊಂಡು ಹೇಳ್ತಾರಲ್ಲ, ಅದು ವಾದ ಅಲ್ಲ. 1984ರಲ್ಲಿ ನ್ಯೂಯಾರ್ಕ್‌ನ ಟೀಚಿಂಗ್ ಆಸ್ಪತ್ರೆಯೊಂದರಲ್ಲಿ 18 ವರ್ಷದ ಹುಡುಗಿ ಅಡ್ಮಿಟ್ ಆದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಾಗ, ದೀರ್ಘ ಡ್ಯೂಟಿಯಲ್ಲಿದ್ದ ಟ್ರೈನಿ ಡಾಕ್ಟರ್‌ಗಳು, ಅವರನ್ನ ನೋಡ್ಕೊಳ್ಳೋಕೆ ಸೀನಿಯರ್ ಇಲ್ಲದೇ ಇದ್ದಿದ್ದು ದೊಡ್ಡ ಚರ್ಚೆ ಆಯ್ತು. ನ್ಯೂಯಾರ್ಕ್ ರಾಜ್ಯ 1989ರಲ್ಲಿ ಟ್ರೈನಿ ಡಾಕ್ಟರ್‌ಗಳಿಗೆ ವಾರಕ್ಕೆ 80 ಗಂಟೆ ಮಿತಿ ತಂತು, 2003ರಲ್ಲಿ ಅಮೆರಿಕದಾದ್ಯಂತ ಬಂತು. 80 ಗಂಟೆ ಅಂದ್ರೂ ಕಮ್ಮಿ ಏನಲ್ಲ ಬಿಡಿ. 2004ರ ಒಂದು ಅಧ್ಯಯನದಲ್ಲಿ ಐಸಿಯು ಇಂಟರ್ನ್‌ಗಳ ಉದ್ದ ಡ್ಯೂಟಿಯನ್ನ ಕತ್ತರಿಸಿ ನೋಡಿದ್ರು, ಹಳೇ ಪದ್ಧತಿಯಲ್ಲಿ ಗಂಭೀರ ತಪ್ಪುಗಳು ಶೇ. 36ರಷ್ಟು ಜಾಸ್ತಿ ಇದ್ದವು.

ಆದ್ರೆ ಡ್ಯೂಟಿ ಕಮ್ಮಿ ಆದ್ರೆ ಕೈ ಬದಲಾಗೋದು ಜಾಸ್ತಿ ಆಗತ್ತೆ, ಒಬ್ಬರು ಇನ್ನೊಬ್ಬರಿಗೆ ಹೇಳೋದ್ರಲ್ಲಿ ಏನಾದ್ರೂ ಬಿಟ್ಟುಹೋಗತ್ತೆ. ಅದಕ್ಕೂ ಮದ್ದಿದೆ. ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ಹ್ಯಾಂಡೋವರ್‌ಗೆ ಐ-ಪಾಸ್ ಅನ್ನೋ ಒಂದು ಕ್ರಮ ತಂದು ನೋಡಿದ್ರು, ರೋಗಿ ಎಷ್ಟು ಸೀರಿಯಸ್, ಏನೇನು ಮಾಡ್ಬೇಕು, ಏನಾದ್ರೆ ಏನು ಅನ್ನೋದನ್ನ ಹೇಳಿ, ಕೇಳಿಸ್ಕೊಂಡವರು ವಾಪಸ್ ಒಪ್ಪಿಸಬೇಕು. 2014ರಲ್ಲಿ ಬಂದ ಫಲಿತಾಂಶದಲ್ಲಿ ತಪ್ಪುಗಳು ಶೇ. 23ರಷ್ಟು ಇಳಿದಿದ್ದವು. ಮಗನಿಗೆ ಹೇಳಿ, ಹ್ಯಾಂಡೋವರ್ ಬರೆದು ಕೊಡಲಿ, ಮತ್ತೆ ಡ್ಯೂಟಿ ಮುಗಿಸಿ ಗಾಡಿ ಓಡಿಸೋ ಮುಂಚೆ ಸ್ವಲ್ಪ ಮಲಗಲಿ.

ಪ್ರಶ್ನೆ: ಮುಂದಿನ ವಾರ ಅತ್ತೆ ಡಿಸ್ಚಾರ್ಜ್. ಟೀಚಿಂಗ್ ಆಸ್ಪತ್ರೆಯಿಂದ ಬರುವಾಗ ಏನು ನೋಡ್ಕೋಬೇಕು?

ಮಾತ್ರೆ ಚೀಟಿ ಎಲ್ಲರೂ ಕೇಳ್ತಾರೆ, ಹೊಸದು ಯಾವ್ದು, ಹಳೇದ್ರಲ್ಲಿ ನಿಲ್ಲಿಸಿದ್ದು ಯಾವ್ದು ಅಂತ ಗುರುತು ಹಾಕಿಸ್ಕೊಳ್ಳಿ. ಎಲ್ಲರೂ ಮರೆಯೋದು ಇನ್ನೂ ಬರದೇ ಇರೋ ರಿಪೋರ್ಟ್‌ಗಳನ್ನ. 2005ರಲ್ಲಿ ಅಮೆರಿಕದ ಎರಡು ಟೀಚಿಂಗ್ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ ಡಿಸ್ಚಾರ್ಜ್ ಆದವರಲ್ಲಿ ಶೇ. 41 ಜನರ ಯಾವ್ದೋ ಒಂದು ರಿಪೋರ್ಟ್ ಇನ್ನೂ ಬಾಕಿ ಇತ್ತು. ಟೆಸ್ಟ್ ಬರೆದ ಪಿಜಿ ಅಷ್ಟರಲ್ಲಿ ಬೇರೆ ಯೂನಿಟ್‌ಗೆ ಹೋಗಿರ್ತಾರೆ, ರಿಪೋರ್ಟ್ ಬಂದು ಕೂತಿರತ್ತೆ, ನೋಡೋರು ಇರಲ್ಲ. ಹಾಗಾಗಿ ಯಾವ ರಿಪೋರ್ಟ್ ಬಾಕಿ, ಯಾವತ್ತು ಬರತ್ತೆ, ಅದನ್ನ ನೋಡೋರು ಯಾರು, ಅವರ ಒಪಿಡಿ ಯಾವ ದಿನ ಅಂತ ಡಿಸ್ಚಾರ್ಜ್ ಸಮ್ಮರಿ ಮೇಲೇ ಬರೆಸ್ಕೊಳ್ಳಿ.